ಹತ್ತಿಯಕ್ಕನ ಎಡಗೆನ್ನೆ

“ಅಣ್ಣನ ಕಿವಿ ಹಿಂದೆ ಆಗಿದ್ದ ಹುಣ್ಣನ್ನ ಮೊದಲು ಕಂಡಿದ್ದು ಡಾಕ್ಟರಲ್ಲ, ಮನೆಯವರೂ ಅಲ್ಲ. ಅವನ ದಿಂಬಿನ ಕವರು. ಒಗೆಯೋಕೆ ತಗೊಂಡ್ರೆ ಪ್ರತಿ ವಾರ ಒಂದೇ ಜಾಗದಲ್ಲಿ ಕಾಳಿನಷ್ಟು ರಕ್ತದ ಕಲೆ. ‘ಏನೋ ಇದು?’ ಅಂದೆ. ‘ಕನ್ನಡಕದ ಕಡ್ಡಿ ಒತ್ತುತ್ತೆ ಕಣೇ, ಸುಮ್ನೆ ಅಮ್ಮನ ಕಿವಿಗೆ ಊದಬೇಡ’ ಅಂದ. ನಾನು ಊದಲಿಲ್ಲ. ತಣ್ಣೀರಲ್ಲಿ ನೆನೆಸಿ, ಸೋಪು ತಿಕ್ಕಿ ಕಲೆ ತೆಗೆದುಬಿಟ್ಟೆ. ಕಲೆ ತೆಗೆಯೋದ್ರಲ್ಲಿ ನನ್ನ ಬಿಟ್ರೆ ಇಲ್ಲ ನೋಡಿ. ಕಾಳಿನಷ್ಟು ಇದ್ದದ್ದು ಗುಂಡಿಯಷ್ಟಾಯ್ತು, ಗುಂಡಿಯಷ್ಟಿದ್ದದ್ದು ಅಂಗೈಯಷ್ಟಾಯ್ತು. ಎರಡು ವರ್ಷ ತೆಗೆದೆ. ಆಸ್ಪತ್ರೆಗೆ ಹೋಗೋ ಹೊತ್ತಿಗೆ ಅದು ಕಿವಿ ದಾಟಿ ಕುತ್ತಿಗೆಗೆ ಇಳಿದಿತ್ತು. ‘ಮೊದಲೇ ಬಂದಿದ್ರೆ’ ಅಂದ್ರು ಡಾಕ್ಟರು. ಅಮ್ಮ ನನ್ನ ಕಡೆ ನೋಡಿ, ‘ನಿನಗೂ ಗೊತ್ತಿರಲಿಲ್ವೇನೇ?’ ಅಂದ್ಳು. ‘ಇಲ್ಲಮ್ಮ’ ಅಂದೆ. ಅವತ್ತು ಹೇಳಿದ ಸುಳ್ಳು ಇವತ್ತಿಗೂ ಗಂಟಲಲ್ಲೇ ಇದೆ, ಸೂಜಿಯಮ್ಮ. ಅದಕ್ಕೇ ಹೇಳ್ತಿದ್ದೀನಿ. ನನ್ನ ಎಡಗೆನ್ನೆ ಮುಟ್ಟಿ ನೋಡಿ. ಕನ್ನಡೀಲಿ ಏನೂ ಕಾಣಲ್ಲ. ಬೆರಳಿಗೆ ಗೊತ್ತಾಗುತ್ತೆ.”

ಹತ್ತಿಯಕ್ಕನ ಕೆನ್ನೆ ಮುಟ್ಟಿ ನೋಡಿದೆ. ಮರ ಉಜ್ಜುವ ಕಾಗದದ ತುಂಡೊಂದನ್ನು ಚರ್ಮದ ಮೇಲೆ ಅಂಟಿಸಿದ ಹಾಗಿತ್ತು. ಒಂದಲ್ಲ, ಮೂರು ನಾಲ್ಕು ಕಡೆ. ಬಲಗೆನ್ನೆಯಲ್ಲೂ ಎರಡಿದ್ದವು, ಆದರೆ ಎಡಗಡೆಯಷ್ಟು ಒರಟಲ್ಲ.

ಸೂಜಿಯಮ್ಮ ಅಂದರೆ ನಾನು. ವಸತಿಗೃಹಗಳ ಬೆಡ್‌ಶೀಟು, ಟವಲು, ದಿಂಬಿನ ಕವರು ಒಗೆದುಕೊಡುವ ಲಾಂಡ್ರಿಯಲ್ಲಿ ಹರಿದದ್ದಕ್ಕೆ ರಫು ಹಾಕುವುದು ನನ್ನ ಕೆಲಸ. ಕೆಳಗೆ ಮೆಷಿನ್ನುಗಳು, ನಡುಮಹಡಿಯಲ್ಲಿ ಇಸ್ತ್ರಿ ಮೇಜು ಮತ್ತು ನನ್ನ ಕಿಟಕಿ, ಮೇಲೆ ತಾರಸಿ. ತಾರಸಿಯ ಅರ್ಧಕ್ಕೆ ತಗಡಿನ ಸೂರು, ಉಳಿದರ್ಧ ಬಟ್ಟಬಯಲು. ಆ ತಾರಸಿಗೆ ಮೂವತ್ತು ವರ್ಷದಿಂದ ಒಡತಿಯೆಂದರೆ ಹತ್ತಿಯಕ್ಕ.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ. ಹುಟ್ಟುವಾಗಲೇ ಮೈಗೆ ಬಣ್ಣ ಬಾರದವಳು ಅವಳು. ಕೂದಲು, ಹುಬ್ಬು, ರೆಪ್ಪೆ ಎಲ್ಲ ಬಿಳಿ. ಬೆಳಕಿಗೆ ಕಣ್ಣು ಕುಗ್ಗುತ್ತದೆ, ದೂರದ್ದು ಮಸುಕು. ಅವಳ ಅಣ್ಣನೂ ಹಾಗೇ ಇದ್ದ. ತಮ್ಮ ಮಾತ್ರ ಎಲ್ಲರ ಹಾಗೆ. ಕೆಲಸಕ್ಕೆ ಸೇರಿದ ದಿನ ಯಾರೋ ಹಿಂದಿನಿಂದ “ಹತ್ತಿ ಬಂತು ಹತ್ತಿ” ಅಂದರಂತೆ. ತಿರುಗಿ ನೋಡಿ, “ಹತ್ತಿ ಇಲ್ದೆ ನಿಮ್ಮ ಶೀಟು ಎಲ್ಲಿಂದ ಬರುತ್ತಪ್ಪಾ?” ಅಂದಳಂತೆ. ಅವತ್ತಿನಿಂದ ಅಣಕಿಸುವವರ ಬಾಯಿ ಮುಚ್ಚಿತು, ಹೆಸರು ಉಳಿಯಿತು.

ಕಣ್ಣು ಸಾಲದವಳಿಗೆ ತಾರಸಿಯ ಕೆಲಸ ಯಾಕೆ ಕೊಟ್ಟರು ಎಂದು ಹೊಸಬರು ಕೇಳುತ್ತಾರೆ. ಅವಳ ಕೆನ್ನೆಗಾಗಿ ಕೊಟ್ಟರು. ಒಣಗಿದೆ ಎಂದು ಕಣ್ಣಿಗೆ ಕಾಣುವ ಶೀಟಿನ ಅಂಚಿನ ಮಡಿಕೆಯಲ್ಲಿ ತೇವ ಅಡಗಿರುತ್ತದೆ. ಕೈಗೂ ಅದು ಗೊತ್ತಾಗುವುದಿಲ್ಲ, ಸೋಡಾ ನೀರಿನಲ್ಲಿ ಬೆರಳು ದಪ್ಪವಾಗಿರುತ್ತದಲ್ಲ. ಹಾಗೇ ಮಡಚಿಟ್ಟರೆ ಮುಗ್ಗಲು ವಾಸನೆ ಹಿಡಿದು ಇಡೀ ಗಂಟು ವಾಪಸ್ಸು ಬರುತ್ತದೆ. ಹತ್ತಿಯಕ್ಕ ತಂತಿಯ ಸಾಲಿನಲ್ಲಿ ನಡೆಯುತ್ತಾ ಎಡಗೈಯಲ್ಲಿ ಶೀಟಿನ ಮೂಲೆ ಹಿಡಿದು ಎಡಗೆನ್ನೆಗೆ ಒಮ್ಮೆ ಒತ್ತಿ ಬಿಡುತ್ತಿದ್ದಳು. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೆ. “ಬಂತು” ಅಂದರೆ ಇಳಿಸಬಹುದು. “ಇರಲಿ” ಅಂದರೆ ಇರಬೇಕು. ಮೂವತ್ತು ವರ್ಷದಲ್ಲಿ ಅವಳು “ಬಂತು” ಅಂದ ಒಂದು ಶೀಟೂ ಮುಗ್ಗಿ ಬಂದದ್ದಿಲ್ಲ. ನಾನು ಕೆಳಗೆ ಕೂತು ರಫು ಹಾಕುತ್ತಾ ಆ ಬಂತು, ಇರಲಿ ಕೇಳಿಸಿಕೊಂಡೇ ಹೊತ್ತು ತಿಳಿಯುತ್ತಿದ್ದೆ.

ಕೆನ್ನೆ ಮುಟ್ಟಿ ನೋಡಿದ ಮಾರನೆಯ ದಿನವೇ ಅವಳನ್ನು ಚರ್ಮದ ಡಾಕ್ಟರಮ್ಮನ ಹತ್ತಿರ ಹೊರಡಿಸಿಕೊಂಡು ಹೋದೆ. ತಮ್ಮನೂ ಬಂದ. ಅವನು ನಮ್ಮಲ್ಲೇ ಇಸ್ತ್ರಿ ಮೇಜಿನವನು, ಮನೆ ಮಾತ್ರ ಬೇರೆ. ಬಾಯಿ ಹರಿತ, ಒಳಗೆ ಬೆಣ್ಣೆ.

ಡಾಕ್ಟರಮ್ಮ ದೀಪ ಹಿಡಿದು, ಭೂತಗನ್ನಡಿ ಹಿಡಿದು ನೋಡಿದರು. ಆಮೇಲೆ ಎರಡನ್ನೂ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ ಬೆರಳ ತುದಿಯಿಂದ ತಡವಿದರು. “ಇದು ಕ್ಯಾನ್ಸರಲ್ಲ. ಆದ್ರೆ ಬಿಟ್ರೆ ಕೆಲವು ಹಾಗೆ ಆಗಬಹುದು. ನಿಮ್ಮ ಚರ್ಮದಲ್ಲಿ ಆ ಭಯ ಹೆಚ್ಚು. ಎಡಗಡೆಯದರ ಮೇಲೆ ನನಗೆ ಜಾಸ್ತಿ ಕಣ್ಣು” ಎಂದರು.

“ಕೊಯ್ತೀರಾ?” ಅಂದಳು ಹತ್ತಿಯಕ್ಕ.

“ಈಗಲೇ ಅಲ್ಲ. ನಿಮ್ಮ ಲಾಂಡ್ರೀಲಿ ಗಂಟಿನೊಳಗೆ ಹರಿದ ಶೀಟು ಇದ್ರೆ ಹುಡುಕೋರು ಯಾರು?”

“ಇವರೇ” ಎಂದು ಅವಳು ನನ್ನ ಕಡೆ ಬೆರಳು ಮಾಡಿದಳು.

“ಮೈಯೊಳಗೂ ಇಂಥ ಅಜ್ಜಿಯರಿದ್ದಾರೆ. ಕೆಟ್ಟ ಕಣ ಎಲ್ಲಿದೆ ಅಂತ ಹುಡುಕಿ ತೆಗೆಯೋರು. ರೋಗನಿರೋಧಕ ಶಕ್ತಿ ಅಂತೀವಲ್ಲ, ಅದೇ. ವರ್ಷಗಟ್ಟಲೆ ಬಿಸಿಲು ತಿಂದ ಜಾಗದಲ್ಲಿ ಅವರ ಕಣ್ಣು ತಪ್ಪಿಹೋಗಿರುತ್ತೆ. ಈ ಮುಲಾಮಲ್ಲಿ ಎರಡು ಔಷಧಿ ಬೆರೆಸಿದೆ. ಒಂದು ಕೆಟ್ಟ ಕಣಕ್ಕೆ ಏಟು ಹಾಕುತ್ತೆ. ಇನ್ನೊಂದು, ಇಲ್ಲಿ ಬನ್ನಿ, ಇಲ್ಲಿ ನೋಡಿ ಅಂತ ಆ ಅಜ್ಜಿಯರನ್ನ ಕೂಗುತ್ತೆ. ಬಂದೋರು ಸುಮ್ನೆ ಕೆಲಸ ಮಾಡಲ್ಲ, ಗಲಾಟೆ ಮಾಡ್ತಾರೆ. ಮುಖ ಕೆಂಪಾಗುತ್ತೆ, ಉರಿಯುತ್ತೆ, ಹೊಪ್ಪಳೆ ಬರುತ್ತೆ. ಹೆದರಬೇಡಿ. ಒಂದು ಸಲ ಗುರುತು ಹಿಡಿದ್ರೆ ಮುಂದೆಯೂ ನೆನಪಿಟ್ಕೊಳ್ತಾರೆ ಅಂತ ನಂಬಿಕೆ.”

“ಅಂದ್ರೆ ಇನ್ನು ಬರೋದೇ ಇಲ್ವಾ ಮೇಡಂ?” ಅಂದ ತಮ್ಮ.

“ಹಾಗೆ ಬರೆದುಕೊಡೋಕೆ ಆಗಲ್ಲಪ್ಪ. ನಿಮ್ಮಕ್ಕನಂಥ ಚರ್ಮದವರಿಗೆ ಇದನ್ನ ಹಚ್ಚಿ ನೋಡಿರೋದು ಕಡಿಮೆ. ಬೇಲಿ ಹಾಕ್ತಿದ್ದೀವಿ ಅಂದ್ಕೊಳ್ಳಿ. ಬೇಲಿ ಹಾಕಿದ್ರೂ ಹೊಲ ನೋಡ್ತಾ ಇರಬೇಕು.”

ದಿನಕ್ಕೆ ಎರಡು ಸಲ, ನಾಲ್ಕು ದಿನ. ಕಣ್ಣಿಗೆ, ತುಟಿಗೆ ತಾಕಕೂಡದು. ಬಿಸಿಲಿಗೆ ಮುಖ ಕೊಡಕೂಡದು. ಹದಿನೈದನೆಯ ದಿನ ಬಂದು ತೋರಿಸಬೇಕು. ಎದ್ದು ಹೊರಡುವಾಗ ಹತ್ತಿಯಕ್ಕ ಬಾಗಿಲಲ್ಲಿ ನಿಂತು, “ಅಣ್ಣನಿಗೂ ಮೊದಲು ಇಷ್ಟೇ ಇತ್ತಾ, ಡಾಕ್ಟರಮ್ಮ?” ಎಂದಳು. ಅವರು ತಲೆ ಎತ್ತಿ, “ಇದ್ದಿರಬಹುದು” ಅಂದರು. ಸುಳ್ಳು ಸಮಾಧಾನ ಹೇಳಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ನಮ್ಮ ಯಜಮಾನಮ್ಮ ಒಳ್ಳೆಯವರು, ಮಾತು ಮಾತ್ರ ಸುಣ್ಣದ ಹಾಗೆ. ನಡುಹಗಲಿನ ಬಯಲು ತಂತಿಯ ಕೆಲಸವನ್ನು ಬೇರೆಯವರಿಗೆ ವಹಿಸಿದರು. ಸೂರಿನಡಿ ರಾತ್ರಿಯಿಡೀ ಒಣಗಿದ್ದನ್ನು ಬೆಳಿಗ್ಗೆ ಇಳಿಸುವುದು, ಹಗಲು ಒಣಗಿದ್ದನ್ನು ಸಂಜೆ ಇಳಿಸುವುದು, ಇಷ್ಟೇ ಹತ್ತಿಯಕ್ಕನಿಗೆ. ಮುಲಾಮು ಹಚ್ಚುವವಳು ನಾನು. ಅವಳ ಕೈಗೆ ಕೊಟ್ಟರೆ ಕಣ್ಣಿಗೆ ಹೋದೀತೆಂದು. ಬೆಳಿಗ್ಗೆ ಏಳಕ್ಕೆ ಅವಳು ಬಂದ ಕೂಡಲೇ, ಸಂಜೆ ಐದಕ್ಕೆ ಚಹಾ ಕುಡಿದ ಮೇಲೆ. ಕೈಗೆ ರಬ್ಬರ್ ಗವಸು ಹಾಕಿ, ಕಡಲೆಯಷ್ಟು ತೆಗೆದು, ಎರಡೂ ಕೆನ್ನೆಗೆ ತೆಳ್ಳಗೆ ಸವರುತ್ತಿದ್ದೆ. ಹಚ್ಚಿಸಿಕೊಂಡು, ಅಗಲ ಅಂಚಿನ ಟೋಪಿ ಏರಿಸಿ, ಬುಟ್ಟಿ ಸೊಂಟಕ್ಕಿಟ್ಟು ಮೆಟ್ಟಿಲು ಹತ್ತುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೇಳಿಸುತ್ತಿತ್ತು: ಬಂತು. ಬಂತು. ಇರಲಿ. ಬಂತು.

ನನಗೆ ಅದು ಕೇಳಿಸುತ್ತಲೇ ಇತ್ತು. ಕೇಳಿಸಿಯೂ ತಲೆಗೆ ಹೋಗಲಿಲ್ಲ.

ಎರಡನೆಯ ದಿನ ಸಂಜೆಗೆ ಬಲಗೆನ್ನೆ ಬಿಸಿಯಾಯಿತು. ಮೂರನೆಯ ದಿನ ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತಾಗ ನನ್ನ ಕೈಯಿಂದ ಸೂಜಿ ಜಾರಿತು. ಬಲಗೆನ್ನೆ ಕೆಂಡದಂತೆ ಕೆಂಪಾಗಿ, ಕಣ್ಣಿನ ಕೆಳಗೆ ಊದಿ, ಎರಡು ಕಡೆ ಚರ್ಮ ಬಿರುಕು ಬಿಟ್ಟಿತ್ತು. ಎಡಗೆನ್ನೆ ಮಾತ್ರ ಹಾಲಿನ ಹಾಗೆ ತಣ್ಣಗಿತ್ತು.

“ಒಂದೇ ಮುಖದಲ್ಲಿ ಇಬ್ಬರಿದ್ದಾರಲ್ಲೇ ಅಕ್ಕ!” ಅಂದ ತಮ್ಮ, ಇಸ್ತ್ರಿ ಮೇಲೆತ್ತಿ ಹಿಡಿದು. “ಬಲಗಡೆಗೆ ಅಮ್ಮನ ಬುದ್ಧಿ, ಎಡಗಡೆಗೆ ಅಪ್ಪನ ಬುದ್ಧಿ.”

“ನಗಿಸಬೇಡ ಕಣೋ, ಬಿರಿಯುತ್ತೆ” ಎಂದು ಅವಳು ಕೆನ್ನೆಯ ಹತ್ತಿರ ಕೈ ತಂದು, ಮುಟ್ಟದೆ ನಿಲ್ಲಿಸಿದಳು. “ಆದ್ರೂ ನೋಡಿ ಸೂಜಿಯಮ್ಮ, ಡಾಕ್ಟರಮ್ಮ ಹೆದರಿದ್ದು ಎಡಗಡೆಗೆ. ಎಡಗಡೆ ಎಷ್ಟು ಸಾಧು! ಅದಕ್ಕೆ ಔಷಧಿ ಒಗ್ಗಿದೆ.”

ನಾನೂ ಹೌದೆಂದೆ. ಎಲ್ಲರೂ ಹೌದೆಂದೆವು. ಡಾಕ್ಟರಮ್ಮ ‘ಕೆಂಪಾದರೆ ಹೆದರಬೇಡಿ’ ಅಂದದ್ದನ್ನು ನಾವು, ಕೆಂಪಾದರೆ ಸಹಿಸಿಕೊಳ್ಳಿ, ಆಗದಿದ್ದರೆ ನಿಮ್ಮ ಪುಣ್ಯ ಎಂದು ತಿಳಿದಿದ್ದೆವು. ಅವರು ಹೇಳಿದ್ದು ಹಾಗಲ್ಲ ಎಂದು ಈಗ ಅರ್ಥವಾಗುತ್ತದೆ. ಉರಿಯುವ ಕೆನ್ನೆ ಎದುರಿಗಿದ್ದಾಗ ಕೇಳಿದ ಮಾತು ಬೇಕಾದ ಕಡೆಗೆ ತಿರುಗಿಕೊಳ್ಳುತ್ತದೆ.

ಮನೆಯಲ್ಲಿ ಅವಳ ಅಮ್ಮ ರಾದ್ಧಾಂತ ಮಾಡಿದ್ದರು. ಒಬ್ಬ ಮಗನನ್ನು ಕಳೆದುಕೊಂಡ ತಾಯಿ, ಅವರನ್ನು ಏನನ್ನಲಿ? “ಒಳ್ಳೆ ಮುಖಾನ ಸುಟ್ಟುಕೊಂಡು ಬಂದಿದ್ದೀಯಲ್ಲೇ! ಎಡಗಡೆಗೆ ಹಚ್ಚು, ಅದು ಕೇಳುತ್ತೆ. ಬಲಗಡೆಗೆ ಇನ್ನು ಮುಟ್ಟಿಸಿದ್ರೆ ನನ್ನಾಣೆ” ಅಂದರಂತೆ. ಮೂರನೆಯ ದಿನ ಸಂಜೆ ಹತ್ತಿಯಕ್ಕ ಚಹಾದ ಲೋಟ ಕೆಳಗಿಟ್ಟು, “ಇವತ್ತು ಬಲಗಡೆ ಬೇಡ ಬಿಡಿ” ಅಂದಳು. ಗವಸು ಹಾಕಿದ ನನ್ನ ಕೈ ಗಾಳಿಯಲ್ಲೇ ನಿಂತಿತು.

“ನಾಲ್ಕು ದಿನ ಅಂದಿದ್ದಾರೆ. ಇನ್ನು ಒಂದೇ ದಿನ” ಅಂದೆ.

“ಉರಿ ನಿಮಗಲ್ಲವಲ್ಲ.”

“ನನಗಲ್ಲ, ಸರಿ. ನಿನ್ನ ಅಣ್ಣ ಅಮ್ಮಂಗೆ ಹೇಳಬೇಡ ಅಂದಾಗಲೂ ನೀನು ಹೀಗೇ ಸರಿ ಅಂದಿದ್ದೆ.”

ಆ ಮಾತು ಬಾಯಿಂದ ಬಿದ್ದ ಮೇಲೆ ನನಗೇ ಬೇಡವಾಯಿತು. ಅವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಬಲಗೆನ್ನೆಯನ್ನೇ ಮೊದಲು ನನ್ನ ಕಡೆ ತಿರುಗಿಸಿ ಕಣ್ಣು ಮುಚ್ಚಿದಳು.

ನಾಲ್ಕನೆಯ ದಿನ ಮಧ್ಯಾಹ್ನ ತಮ್ಮ ಇಸ್ತ್ರಿ ಮೇಜಿನಿಂದ ಕೂಗಾಡತೊಡಗಿದ.

“ಯಾರ್ರೀ ಅದು ಎಣ್ಣೆ ಕೈಯಲ್ಲಿ ಶೀಟು ಮುಟ್ಟೋರು? ನಿನ್ನೆಯಿಂದ ನೋಡ್ತಿದ್ದೀನಿ, ಇಸ್ತ್ರಿ ಇಟ್ರೆ ಕಮಟು ವಾಸನೆ. ನಿನ್ನೆ ಎರಡು ತೆಗೆದಿಟ್ಟೆ, ಇವತ್ತು ಆಗಲೇ ಐದು. ನಾಳೆ ಬೆಳಿಗ್ಗೆ ಗಾಡಿ ಬರುತ್ತೆ. ಯಜಮಾನಮ್ಮ ನನ್ನ ತಲೆಗೆ ಕಟ್ತಾರೆ!”

ಒಂದು ತೋಳು ಶೀಟು ತಂದು ನನ್ನ ಮುಂದೆ ಸುರಿದ. ಕಿಟಕಿಯ ಬೆಳಕಿಗೆ ಒಂದೊಂದಾಗಿ ಹಿಡಿದೆ. ಏಳಕ್ಕೆ ಏಳರಲ್ಲೂ ಕಲೆ ಒಂದೇ ಕಡೆ, ಮೂಲೆಯಿಂದ ಒಂದು ಗೇಣು ಕೆಳಗೆ. ಬೆರಳ ಗುರುತಾಗಿದ್ದರೆ ಬೆರಳಿನ ಆಕಾರ ಇರಬೇಕು. ಇದು ಮೊಟ್ಟೆಯ ಹಾಗೆ ಉದ್ದದುಂಡಗೆ. ಐದನೆಯ ಶೀಟಿನ ಕಲೆಯಲ್ಲಿ ಏನೋ ಅಂಟಿತ್ತು. ರಫು ಹಾಕುವ ನೂಲೆಂದುಕೊಂಡು ಉಗುರಿನಿಂದ ಎತ್ತಿದೆ. ನೂಲಲ್ಲ. ಬಿಳಿ ಕೂದಲು. ನನ್ನದೂ ಬಿಳಿಯೇ, ಆದರೆ ಹಳದಿಗೆ ತಿರುಗಿದ್ದು. ಇದು ಗಾಜಿನ ಎಳೆಯ ಹಾಗಿತ್ತು.

ಅಷ್ಟರಲ್ಲಿ ಗಲಾಟೆ ಕೇಳಿ ಹತ್ತಿಯಕ್ಕ ಮೆಟ್ಟಿಲಿಳಿದು ಬಂದಳು. “ಏನೋ ನಿನ್ನ ಗೋಳು?” ಎಂದು ತಮ್ಮನ ಕೈಯಿಂದ ಶೀಟಿನ ಮೂಲೆ ಕಿತ್ತುಕೊಂಡಳು. ಎಡಗೈ ತಾನಾಗಿಯೇ ಮೇಲೆದ್ದು ಮೂಲೆಯನ್ನು ಎಡಗೆನ್ನೆಗೆ ಒತ್ತಿತು. “ಒಣಗಿದೆಯಲ್ಲೋ ಚೆನ್ನಾಗಿ. ಇನ್ನೇನು ಬೇಕು ನಿನಗೆ?”

ಕೆಳಗೆ ಮೆಷಿನ್ನು ತಿರುಗುತ್ತಿದ್ದ ಸದ್ದು ಮಾತ್ರ. ತಮ್ಮ ಬಾಯಿ ತೆರೆದವನು ತೆರೆದ ಹಾಗೇ ನಿಂತ. ಅವಳು ನಮ್ಮಿಬ್ಬರ ಕಡೆ ಮುಖ ತಿರುಗಿಸಿ, ನಮ್ಮ ಮುಖ ಕಾಣದೆ, ಮೌನವನ್ನೇ ಕಿವಿಯಲ್ಲಿ ಹಿಡಿದಳು. ಮೆಲ್ಲಗೆ ಶೀಟನ್ನು ಕೆನ್ನೆಯಿಂದ ತೆಗೆದಳು.

“ನಾನಾ?” ಅಂದಳು.

ನಾನು ಹೂಂ ಅಂದೆ.

“ಪ್ರತಿ ಸಲ?”

“ನಾನು ಹಚ್ಚಿ ಕಳಿಸ್ತಿದ್ದೆ. ನೀನು ಮೇಲೆ ಹೋಗಿ ಶೀಟಿಗೆ ಒರೆಸ್ತಿದ್ದೆ. ಬೆಳಿಗ್ಗೆಯೂ, ಸಂಜೆಯೂ. ನಾಲ್ಕು ದಿನವೂ.”

ಅವಳು ನನ್ನ ಮಣೆಯ ಮೇಲೆಯೇ ಕೂತಳು. “ಹಾಗಾದ್ರೆ ಎಡಗಡೆ ಸಾಧು ಅಲ್ಲ. ಎಡಗಡೆಗೆ ಯಾರೂ ಬಂದೇ ಇಲ್ಲ. ಯಾರೂ ಕೂಗೇ ಇಲ್ಲ.”

ತಮ್ಮನಿಗೆ ಮೊದಲು ಬುದ್ಧಿ ಓಡಿತು, ಓಡಬಾರದ ಕಡೆಗೆ. ದನಿ ಇಳಿಸಿ, “ಅಕ್ಕ, ಇದನ್ನ ದೊಡ್ಡದು ಮಾಡೋದು ಬೇಡ. ಟ್ಯೂಬಿನಲ್ಲಿ ಮುಲಾಮು ಉಳಿದಿದೆ. ಇವತ್ತಿಂದ ಎಡಗಡೆಗೆ ಇನ್ನೂ ನಾಲ್ಕು ದಿನ ಹಚ್ಚಿದ್ರಾಯ್ತು. ಈ ಏಳು ಶೀಟು ನಾನೇ ಒಗೀತೀನಿ. ಯಜಮಾನಮ್ಮಂಗೆ ಗೊತ್ತಾದ್ರೆ ನಿನ್ನನ್ನ ತಾರಸಿಯಿಂದ ಇಳಿಸ್ತಾರೆ. ಡಾಕ್ಟರಮ್ಮಂಗೆ ಗೊತ್ತಾದ್ರೆ ನಗ್ತಾರೆ” ಎಂದ.

“ಏಳು ನಿನ್ನ ಕಣ್ಣಿಗೆ ಬಿದ್ದದ್ದು. ನಾನು ನಾಲ್ಕು ದಿನದಲ್ಲಿ ಎಷ್ಟು ಮುಟ್ಟಿದ್ದೀನಿ?”

“ಯಾರಿಗೆ ಗೊತ್ತಾಗುತ್ತೆ?”

“ಅದರ ಮೇಲೆ ಯಾರದ್ದೋ ಮಗು ಮುಖ ಇಟ್ಟು ಮಲಗುತ್ತೆ. ಇದು ಔಷಧಿ ಕಣೋ, ಪೌಡರಲ್ಲ.” ಎದ್ದು ನಿಂತಳು. “ಆವತ್ತು ದಿಂಬಿನ ಕವರು ಹೇಳಿತು, ನಾನು ಒಗೆದು ಸುಮ್ಮನಾದೆ. ಇವತ್ತು ಶೀಟು ಹೇಳ್ತಿದೆ. ಇದನ್ನೂ ಒಗೆದು ಸುಮ್ಮನಾಗ್ಲಾ?”

ಅವಳೇ ಕೆಳಗಿಳಿದು ಯಜಮಾನಮ್ಮನ ಮುಂದೆ ನಿಂತಳು. ನಾನು ಮೆಟ್ಟಿಲ ಮೇಲಿಂದ ಕೇಳಿಸಿಕೊಂಡೆ. ಮೊದಲು ಯಜಮಾನಮ್ಮನ ದನಿ ಸೂರು ಹಾರುವ ಹಾಗೆ ಏರಿತು. “ನಾಳೆ ಹೋಗೋ ಗಂಟು ಪೂರ್ತಿನಾ? ನಿನಗೆ ತಲೆ ನೆಟ್ಟಗಿದೆಯೇನೇ?” ಆಮೇಲೆ ಕುರ್ಚಿ ಸರಿದ ಶಬ್ದ. “ಮೂರೂ ಮೆಷಿನ್ನು ಹಾಕ್ರೀ. ಬಿಸಿನೀರು ಬಿಡಿ. ನಾಲ್ಕು ದಿನದ್ದು ಒಂದೂ ಹೊರಗೆ ಹೋಗಕೂಡದು. ಮತ್ತೆ ನೀನು, ಇಲ್ಲಿ ನಿಂತು ಏನು ನೋಡ್ತಿದ್ದೀಯ? ಡಾಕ್ಟರ ಹತ್ರ ಹೊರಡು!”

ಡಾಕ್ಟರಮ್ಮ ನಗಲಿಲ್ಲ. ಕೇಳಿದರು, ಎರಡು ಸಲ ಕೇಳಿದರು, ಬರೆದುಕೊಂಡರು. ಬಲಗೆನ್ನೆ ನೋಡಿ, “ಇಲ್ಲಿ ಆಗಬೇಕಾದ್ದೇ ಆಗ್ತಿದೆ” ಅಂದರು. ಎಡಗೆನ್ನೆ ಹಿಡಿದು ತಡವಿದರು. ಬೆರಳು ಒಂದು ಕಡೆ ನಿಂತಿತು. ಮುಂದೆ ಹೋಗಿ ಮತ್ತೆ ಅಲ್ಲಿಗೇ ಬಂತು.

“ಇದೊಂದು ಉಳಿದದ್ದಕ್ಕಿಂತ ದಪ್ಪ ಇದೆ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಅದು ಬರೋವರೆಗೆ ಎಡಗಡೆಗೆ ಏನೂ ಹಚ್ಚಬೇಡಿ.”

“ಎಷ್ಟು ದಿನ?”

“ಎಂಟು.”

ಆ ಎಂಟು ದಿನ ಹತ್ತಿಯಕ್ಕ ಎಡಗೆನ್ನೆಗೆ ಚಿಕ್ಕ ಪಟ್ಟಿ ಅಂಟಿಸಿಕೊಂಡು ಕೆಲಸಕ್ಕೆ ಬಂದಳು. ತಾರಸಿ ಹತ್ತಲಿಲ್ಲ. ನನ್ನ ಪಕ್ಕ ಕೂತು ದಿಂಬಿನ ಕವರುಗಳನ್ನು ಜೋಡಿಸಿದಳು. ಪ್ರತಿ ಕವರನ್ನೂ ತಿರುವಿ ಒಳಗೆ ಬೆರಳಾಡಿಸಿ ನೋಡುತ್ತಿದ್ದಳು. ಏನು ಹುಡುಕುತ್ತಿದ್ದಳೋ ನಾನು ಕೇಳಲಿಲ್ಲ. ಬಲಗೆನ್ನೆಯ ಕೆಂಪು ಕಂದಿಗೆ ತಿರುಗಿ, ಸಿಪ್ಪೆ ಸುಲಿದು, ಕೆಳಗೆ ಹೊಸ ಚರ್ಮ ಕಂಡಿತು. ತಡವಿ ನೋಡಿದೆ. ಬೆರಳು ಎಲ್ಲೂ ತೊಡರಲಿಲ್ಲ. ಅದಕ್ಕೆ ಸಂತೋಷಪಡಲೂ ಭಯವಾಯಿತು.

ಮೇಲೆ ತಾರಸಿಯಲ್ಲಿ ಬೇರೆಯವರು ಕೈಯಿಂದ ಮುಟ್ಟಿ ಇಳಿಸುತ್ತಿದ್ದರು. ತಮ್ಮನ ಇಸ್ತ್ರಿ ದಿನಕ್ಕೆ ಹತ್ತು ಸಲ ಸುಂಯ್ ಅನ್ನುತ್ತಿತ್ತು. ಅಂದರೆ ತೇವ. “ಅಕ್ಕಾ, ನಿನ್ನ ಕೆನ್ನೆ ಇಲ್ದೆ ಇದು ಲಾಂಡ್ರಿ ಅಲ್ಲ, ಕೆರೆ” ಎಂದು ಅಲ್ಲಿಂದಲೇ ಕೂಗುತ್ತಿದ್ದ. ಅವಳು ನಗುತ್ತಿರಲಿಲ್ಲ.

ಐದನೆಯ ದಿನವೋ ಆರನೆಯ ದಿನವೋ, ಕವರು ಜೋಡಿಸುತ್ತಾ ಜೋಡಿಸುತ್ತಾ, “ಅಮ್ಮಂಗೆ ಹೇಳಿಬಿಟ್ಟೆ” ಅಂದಳು.

“ಏನು?”

“ಕವರಿನ ಕಲೆ ನನಗೆ ಗೊತ್ತಿತ್ತು ಅಂತ. ಎರಡು ವರ್ಷ ಒಗೆದೆ ಅಂತ.”

“ಏನಂದ್ರು?”

“ಮಾತೇ ಆಡಲಿಲ್ಲ. ಎದ್ದು ಹೋಗಿ ನನ್ನ ದಿಂಬು ತಂದು, ಕವರು ಬಿಚ್ಚಿ, ಕಿಟಕಿ ಹತ್ರ ಹಿಡಿದು ನೋಡಿದ್ಳು. ಈಗ ದಿನಾ ಬೆಳಿಗ್ಗೆ ನೋಡ್ತಾಳೆ. ಮಾತು ಇನ್ನೂ ಬಿಟ್ಟೇ ಇದ್ದಾಳೆ.”

ಎಂಟನೆಯ ದಿನ ಡಾಕ್ಟರಮ್ಮನ ಬಾಗಿಲ ಹೊರಗಿನ ಬೆಂಚಿನ ಮೇಲೆ ನಾವು ಮೂವರು ಕೂತಿದ್ದೆವು. ತಮ್ಮ ಒಂದೂ ತಮಾಷೆ ಮಾಡಲಿಲ್ಲ. ಹೆಸರು ಕೂಗಿದರು. ಹಾಜರಿ ಪುಸ್ತಕದ ಆ ಹೆಸರು ಯಾರದೆಂದು ನನಗೆ ಒಂದು ಗಳಿಗೆ ಹೊಳೆಯಲೇ ಇಲ್ಲ.

ಡಾಕ್ಟರಮ್ಮ ಕಾಗದ ನೋಡಿ, ಕೂತುಕೊಳ್ಳಿ ಅನ್ನುವ ಮೊದಲೇ ಹೇಳಿದರು. “ಕ್ಯಾನ್ಸರಿನ ಗೆರೆ ದಾಟಿಲ್ಲ. ಗೆರೆಯ ಹತ್ರಕ್ಕೆ ಬಂದಿತ್ತು. ಪರೀಕ್ಷೆಗೆ ತೆಗೆದ ಚೂರಿನಲ್ಲೇ ಅದು ಪೂರ್ತಿ ಬಂದಿದೆ. ಗಾಯ ಪೂರ್ತಿ ಮಾಗಲಿ, ಆಮೇಲೆ ಎಡಗೆನ್ನೆಗೆ ಮೊದಲಿಂದ ನಾಲ್ಕು ದಿನ. ಈ ಸಲ ಕೆನ್ನೆಗೆ ಏನೂ ತಾಕಕೂಡದು. ಶೀಟಂತೂ ಖಂಡಿತ ಕೂಡದು. ಮೂರು ತಿಂಗಳಿಗೊಮ್ಮೆ ಬಂದು ತೋರಿಸ್ತಾ ಇರಬೇಕು. ಬಿಸಿಲಿನ ಕೆಲಸ ಇನ್ನು ಬೇಡವೇ ಬೇಡ.”

“ಸೂರಿನ ಕೆಳಗೆ?” ಅಂದಳು ಹತ್ತಿಯಕ್ಕ.

“ಬೆಳಿಗ್ಗೆ, ಸಂಜೆ. ಟೋಪಿ, ತೋಳು ತುಂಬಾ ಬಟ್ಟೆ.”

ದಾರಿಯಲ್ಲಿ ತಮ್ಮ ತಿರುಗಿ ನಿಂತು ಮೂಗು ಒರೆಸಿಕೊಂಡ. ಧೂಳು ಅಂದ. ಧೂಳೇನೂ ಇರಲಿಲ್ಲ.

ಯಜಮಾನಮ್ಮ ಬಯಲು ತಂತಿಗಳ ಮೇಲೂ ಹಸಿರು ಬಲೆ ಕಟ್ಟಿಸಿದರು. “ಇವಳಿಗಲ್ಲ, ಶೀಟಿನ ಬಣ್ಣ ಹೋಗುತ್ತೆ ಅಂತ” ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ನಮ್ಮ ಶೀಟುಗಳೆಲ್ಲ ಬಿಳಿ.

ಗಾಯ ಮಾಗಿದ ಮೇಲೆ ಮತ್ತೆ ಮುಲಾಮು ಶುರುವಾಯಿತು. ಈಗ ಹಚ್ಚಿದ ಮೇಲೆ ನಾನೂ ಅವಳ ಹಿಂದೆಯೇ ತಾರಸಿ ಹತ್ತುತ್ತಿದ್ದೆ, ಮಂಡಿ ಹಿಡಿದುಕೊಂಡು. ಮೊದಲ ದಿನ ಅವಳ ಎಡಗೈ ಎಷ್ಟು ಸಲ ಕೆನ್ನೆಯ ಹತ್ತಿರ ಬಂತೋ ಲೆಕ್ಕವಿಲ್ಲ. ಪ್ರತಿ ಸಲ ನಾನು “ಏಯ್” ಅನ್ನುತ್ತಿದ್ದೆ, ಕೈ ಕೆಳಗಿಳಿಯುತ್ತಿತ್ತು. ಮಣಿಕಟ್ಟಿಗೆ ಒತ್ತಿ ನೋಡಿದಳು, ಮೊಣಕೈ ಒಳಗೆ ಒತ್ತಿ ನೋಡಿದಳು. “ಬಂತು” ಅಂದ ನಾಲ್ಕರಲ್ಲಿ ಎರಡು ಕೆಳಗೆ ಹೋಗಿ ಸುಂಯ್ ಅಂದವು. ಬುಟ್ಟಿಯನ್ನು ನೆಲಕ್ಕೆ ಕುಕ್ಕಿ, “ಮೂವತ್ತು ವರ್ಷ ಹೋಯ್ತು ಸೂಜಿಯಮ್ಮ. ಇನ್ನು ನಾನು ಕವರು ಜೋಡಿಸೋಳೇ” ಅಂದಳು.

ಸಿಟ್ಟಿನಿಂದ ಮುಂದಿನ ಶೀಟನ್ನು ಎರಡೂ ಮೂಲೆ ಹಿಡಿದು ಜೋರಾಗಿ ಕೊಡವಿದಳು. ಅದರ ಪಕ್ಕದ್ದನ್ನೂ ಕೊಡವಿದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ, ಮಂಡಿ ನೋವಿಗೆ.

“ಮತ್ತೊಂದು ಸಲ ಕೊಡವು” ಅಂದೆ.

ಕೊಡವಿದಳು. ಮೊದಲನೆಯದು ದಪ್ಪಗೆ ಧಬ್ ಅಂತು. ಎರಡನೆಯದು ಒಣಗಿತ್ತು, ಫಟ್ ಅಂತು. ಅವಳ ಕೈ ನಿಂತಿತು. ತಲೆ ಒಂದು ಪಕ್ಕಕ್ಕೆ ವಾಲಿಸಿ, ಮತ್ತೆ ಒಂದೊಂದಾಗಿ ಕೊಡವಿದಳು. ಮಸುಕು ಕಣ್ಣಿನವರ ಕಿವಿ ಹೇಗಿರುತ್ತದೆಂದು ನಾನು ಮೊದಲೇ ಯೋಚಿಸಬೇಕಿತ್ತು. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಅವಳಿಗೆ ಅಂಚಿನ ತೇವದ ಸದ್ದೂ ಬೇರೆಯಾಗಿ ಕೇಳಿಸತೊಡಗಿತ್ತು. ನನಗೆ ಈಗಲೂ ಕೇಳಿಸುವುದಿಲ್ಲ. ಮಾರನೆಯ ದಿನ ಇಸ್ತ್ರಿ ಮೂರೇ ಸಲ ಸುಂಯ್ ಅಂತು.

ಮೂರನೆಯ ದಿನ ಬೆಳಿಗ್ಗೆ ನಾನು ಅವಳಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದೆ. ತಮ್ಮನೂ ಇಸ್ತ್ರಿ ಕಾಯಿಸದೆ ನಿಂತಿದ್ದ. ಬೀದಿಯ ಆ ತುದಿಯಲ್ಲಿ ಅಗಲ ಟೋಪಿ ಕಂಡಿತು. ಹತ್ತಿರ ಬಂದಳು. ಟೋಪಿಯ ನೆರಳಿನಲ್ಲಿ ಏನೂ ತಿಳಿಯಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಟೋಪಿ ತೆಗೆದಳು.

ಎಡಗೆನ್ನೆ ಧಗಧಗ ಕೆಂಪಾಗಿತ್ತು. ಕಿವಿಯವರೆಗೆ.

“ಎದ್ದರಪ್ಪಾ ಅಜ್ಜಿಯರು!” ಎಂದು ತಮ್ಮ ಚಪ್ಪಾಳೆ ಹೊಡೆದ. “ಏನು ಗಲಾಟೆ, ಏನು ಗಲಾಟೆ!”

“ಉರಿ ತಡೆಯೋಕಾಗ್ತಿಲ್ಲ” ಅಂದಳು ಹತ್ತಿಯಕ್ಕ. ಕಣ್ಣಲ್ಲಿ ನೀರಿತ್ತು. “ಅಮ್ಮ ನೋಡಿದ್ಳು. ಮಾತಾಡಿದ್ಳು. ‘ಈ ಕಡೇನೂ ಕೆಂಪಾಯ್ತಲ್ಲೇ, ಸರಿಯಾಯ್ತು ಬಿಡು’ ಅಂದ್ಳು.”

ನಾನು ಗವಸು ಹಾಕಿಕೊಂಡೆ. ಅವಳು ಮಣೆಯ ಮೇಲೆ ಕೂತು, ಹಲ್ಲು ಕಚ್ಚಿ, ಎಡಗೆನ್ನೆ ಒಡ್ಡಿದಳು. ಕಡಲೆಯಷ್ಟು ತೆಗೆದು, ಕಣ್ಣಿಗೆ ಒಂದು ಬೆರಳು ದೂರ ಬಿಟ್ಟು, ತೆಳ್ಳಗೆ ಸವರಿದೆ. ಗವಸು ಬಿಚ್ಚಿ ಕೈ ತೊಳೆದೆ. ಅವಳು ಟೋಪಿ ಏರಿಸಿ, ಬುಟ್ಟಿ ಸೊಂಟಕ್ಕಿಟ್ಟು ಮೆಟ್ಟಿಲು ಹತ್ತಿದಳು. ನಾನು ಈ ಸಲ ಹಿಂದೆ ಹೋಗಲಿಲ್ಲ. ಕಿಟಕಿಯ ಹತ್ತಿರ ಕೂತು, ಸೂಜಿಗೆ ದಾರ ಪೋಣಿಸಿ, ಹರಿದ ಟವಲೊಂದನ್ನು ಮಡಿಲಿಗೆ ಎಳೆದುಕೊಂಡೆ.

ಮೇಲೆ ಅವಳು ಮೊದಲ ಶೀಟಿನ ಎರಡೂ ಮೂಲೆ ಹಿಡಿದು ಕೊಡವಿದಳು. ಮತ್ತೊಮ್ಮೆ ಕೊಡವಿದಳು.

“ಬಂತು” ಅಂದಳು. ಕ್ಲಿಪ್ಪು ಕಳಚಿ, ಶೀಟನ್ನು ನಾಲ್ಕಾಗಿ ಮಡಚಿ ಬುಟ್ಟಿಗೆ ಹಾಕಿ, ಮುಂದಿನದನ್ನು ಕೊಡವಿದಳು.